ಕತ್ತಿನ ಅರಿಶಿನ ಕೊಂಬು

ಕೆಮ್ಮಿದರೆ ಕ್ಷಯ, ಎದೆ ಉರಿದರೆ ಹಾರ್ಟ್ ಅಟ್ಯಾಕ್ ಎಂದು ಬೆವರುವವಳು ನಾನು. ಲೋಕಲ್ ರೈಲು ತುಸು ತಡವಾದರೆ ಸಾಕು, ಮನಸ್ಸಿನಲ್ಲೇ ಗಂಡನನ್ನು ಹಳಿಯ ಮೇಲೆ ಮಲಗಿಸಿಬಿಡುತ್ತಿದ್ದೆ. ಹೀಗಾಗಿ ಎಡಮೊಲೆಯಲ್ಲೊಂದು ಗಂಟು ಕೈಗೆ ಸಿಕ್ಕಿದಾಗ ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ.

"ಹ್ವಾದ ತಿಂಗಳ ಕಿಡ್ನಿ ಹೋಗಿತ್ತು. ಈ ತಿಂಗಳ ಇದೇನ?" ಎಂದರು ಗಂಡ, ಪೇಪರಿನ ಹಿಂದಿನಿಂದ.

ದಾದರಿನ ಡಾಕ್ಟರು ಗಂಟನ್ನು ಒತ್ತಿ, ನೋಯುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ, ಹೆಮ್ಮೆಯಿಂದ. ಹುಟ್ಟಿದಾಗಿನಿಂದ ಡಾಕ್ಟರ ಮುಂದೆ ನೋವಿಲ್ಲ ಎಂದದ್ದು ಅದೇ ಮೊದಲು. ಅವರ ಮುಖ ಇಳಿಯಿತು; ನೋಯದ ಗಂಟೇ ಅಪಾಯದ್ದಂತೆ. ಮುಂದಿನ ಮಾತೆಲ್ಲ ನನ್ನ ಗಂಡನ ಜೊತೆ.

ಆಗಿನ ಪದ್ಧತಿ ಹೀಗಿತ್ತು. ಪ್ರಜ್ಞೆ ತಪ್ಪಿಸಿ ಗಂಟು ತೆಗೆಯುವುದು. ನಾನು ಮೇಜಿನ ಮೇಲೆ ಮಲಗಿರುವಾಗಲೇ ಅದರ ಚೂರನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕ್ಯಾನ್ಸರ್ ಅಲ್ಲವಾದರೆ ಹೊಲಿಗೆ ಹಾಕುವುದು. ಹೌದಾದರೆ ನನ್ನನ್ನು ಎಬ್ಬಿಸದೆ ಮೊಲೆಯನ್ನೇ ತೆಗೆದುಬಿಡುವುದು. ಒಪ್ಪಿಗೆಯ ಸಹಿ ಗಂಡನದು.

"ನನಗ ಯಾವಾಗ ಗೊತ್ತಾಗ್ತದ್ರೀ?" ಹೊರಗೆ ಬಂದ ಮೇಲೆ ಕೇಳಿದೆ.

"ಎಚ್ಚರಾದ ಮ್ಯಾಲ ಕೈ ಹಚ್ಚಿ ನೋಡ್ಕೋ."

ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

ಆಪರೇಷನ್ನಿನ ದಿನ ನರ್ಸ್ ಬಂದು ಒಡವೆ ಬಿಚ್ಚಲು ಹೇಳಿದಳು. ಅತ್ತೆ ಅಡ್ಡ ನಿಂತರು.

"ಮಂಗಳಸೂತ್ರ ತಗಿಯಾಂಗಿಲ್ಲ. ನನ್ನ ಮಗ ಇನ್ನೂ ಜೀವಂತ ಅದಾನ!"

"ಆಜಿ, ಅಂದರ್ ಸೋನಾ ನಹೀ ಚಲೇಗಾ."

ಚಿನ್ನ ಒಳಗೆ ಬಿಡುವುದಿಲ್ಲ ಎಂಬುದಕ್ಕೂ ಅತ್ತೆ ಸಿದ್ಧರಾಗಿಯೇ ಬಂದಿದ್ದರು. ದಾರ ಸುತ್ತಿದ ಅರಿಶಿನ ಕೊಂಬನ್ನು ಚೀಲದಿಂದ ತೆಗೆದು ನನ್ನ ಕತ್ತಿಗೆ ಕಟ್ಟಿದರು. ತಾಳಿ ಇಲ್ಲದಾಗ ಕೊಂಬು ನಮ್ಮಲ್ಲಿ ನಡೆಯುತ್ತದೆ. ಮಂಗಳಸೂತ್ರ ಗಂಡನ ಜೇಬು ಸೇರಿತು. ಸ್ಟ್ರೆಚರಿನ ಮೇಲೆ ಹೋಗುವಾಗ ನನಗಿದ್ದ ಚಿಂತೆ, ಆಸ್ಪತ್ರೆಯ ಬಿಳಿ ಚಾದರಕ್ಕೆ ಹಳದಿ ಕಲೆಯಾದರೆ ಬೈಯುತ್ತಾರೇನೋ ಎಂದು.

ಎಚ್ಚರವಾದಾಗ ಅತ್ತೆಯ ಕೈ ನನ್ನ ಕತ್ತನ್ನು ತಡಕುತ್ತಿತ್ತು. ನನ್ನ ಕೈ ಅದಕ್ಕಿಂತ ಕೆಳಗೆ ಹೋಯಿತು. ಎಡಗಡೆ ದಪ್ಪ ಬ್ಯಾಂಡೇಜು, ಅದರಡಿ ಸಪಾಟು.

"ಅಯ್ಯಯ್ಯೋ! ಕತ್ತರಿಸಿ ಒಗದಾರಲ್ಲೋ!" ಅತ್ತೆ ಕಿರುಚಿದರು.

ಒಂದು ಗಳಿಗೆ, ನನಗಾಗಿ ಅಳುತ್ತಿದ್ದಾರೆ ಎಂದುಕೊಂಡೆ.

"ಕೊಂಬ ಇಲ್ಲೋ ಮಗನ, ಕೊಳ್ಳಾಗ ದಾರಾನೂ ಇಲ್ಲ! ನಿನಗೇನರ ಆದ್ರ?"

ಹೊಟ್ಟೆ ತುಂಬ ಉಂಡು ಬಂದು ನಿಂತಿದ್ದ ಮಗ ಜೇಬಿನಿಂದ ಮಂಗಳಸೂತ್ರ ತೆಗೆದು, ನನ್ನ ತಲೆಯೆತ್ತಿ ಕೊರಳಿಗೆ ಹಾಕಿದರು. ಮಲಗಿದ್ದವಳ ಎದೆಯ ಮೇಲೆ ಅದು ತಡೆಯಿಲ್ಲದೆ ಎಡಕ್ಕೆ ಜಾರಿತು.

ಅತ್ತೆ ಅದನ್ನು ಎದೆಯ ನಡುವಿಗೆ ಎಳೆದಿಟ್ಟು, ಕಣ್ಣೊರೆಸಿಕೊಂಡು ನನಗೆ ಹೇಳಿದರು:

"ಅಳಬ್ಯಾಡ ಬಿಡವಾ. ಎಲ್ಲಾ ಉಳೀತು."