ಅಮಾಸಿ ಮರುದಿನದ ಫೈಲು

ಇಳಕಲ್ಲಿನ ಒಂದು ಗಲ್ಲಿಯಲ್ಲಿ, ನೂಲಿನ ಗೋದಾಮಿನ ಮೇಲಿನ ಖೋಲಿಯಲ್ಲಿ ಪ್ರಿಯದರ್ಶಿನಿ ಒಬ್ಬಳೇ ಕೂತು ಸೀರೆಯ ಸೆರಗಿನ ನಮೂನೆ ಬರೆಯುತ್ತಾಳೆ. ಬರೆಯುವುದು ಕಂಪ್ಯೂಟರಿನಲ್ಲಿ. ಪರದೆಯ ತುಂಬ ಚೌಕಗಳು, ಒಂದು ಚೌಕಕ್ಕೆ ಒಂದು ಎಳೆ. ಕೆಂಪು ಎಲ್ಲಿ, ಬಿಳಿ ಎಲ್ಲಿ ಎಂದು ಒಂದೊಂದೇ ತುಂಬುತ್ತ ಹೋದರೆ ಸಂಜೆಯ ಹೊತ್ತಿಗೆ ನಾಲ್ಕು ಬೆರಳಿನಷ್ಟು ಸೆರಗು ಸಾಗಿರುತ್ತದೆ. ಆರು ಗಂಟೆಗೆ ತನ್ನ ಮೊಬೈಲಿನಿಂದ ಕಂಪ್ಯೂಟರಿಗೆ ನೆಟ್ ಕೊಡುತ್ತಾಳೆ. ಆಗ ಇಲ್ಲಿಯ ಫೈಲೂ ಗುಡೂರಿನ ಮಗ್ಗದ ಶೆಡ್ಡಿನ ಕಂಪ್ಯೂಟರಿನಲ್ಲಿರುವ ಫೈಲೂ ತಾವಾಗಿ ಹೊಂದಿಕೊಳ್ಳುತ್ತವೆ. ಯಾವುದರ ತಾರೀಖು ಹೊಸದೋ ಅದು ಹಳೆಯದನ್ನು ಅಳಿಸಿ ಎರಡೂ ಕಡೆ ಕೂರುತ್ತದೆ.

ಗುಡೂರಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವವಳು ಮಾಲೀಕ ಮುರ್ತುಜಸಾಬರ ಹೆಂಡತಿ ಜೈನಬಿ. ಫೈಲು ಮುಟ್ಟಿದ ಕೂಡಲೇ ಫೋನು ಮಾಡುವುದು ಅವಳ ಅಭ್ಯಾಸವಾಗಿತ್ತು.

"ಬಂತು ತಂಗಿ. ಏನ್ ಕಣ್ಣವಾ ನಿನ್ನವು, ಸೂಜಿ ತೂತಿನಾಗ ಒಂಟೆ ದಾಟಸ್ತಿ."

"ನಿಮ್ಮ ಮಗ್ಗ ಅದನ್ನ ಕತ್ತೆ ಮಾಡದಿದ್ರ ಸಾಕ್ರಿ ಅಕ್ಕಾ."

ಹೀಗೆ ಶುರುವಾಗಿ ಮಾತು ಎಲ್ಲಿಗೋ ಹೋಗುತ್ತಿತ್ತು. ಮನೆಯಲ್ಲಿ ಡಿಗ್ರಿ ಮುಗಿಸಿದವಳು ಪ್ರಿಯದರ್ಶಿನಿ ಒಬ್ಬಳೇ. ತಾಯಿ ರಮಾಬಾಯಿಗೆ ತನ್ನ ಕೆಲಸ ಏನೆಂದು ವಿವರಿಸಲು ಅವಳಿಗೆ ಬರುತ್ತಿರಲಿಲ್ಲ. ಹುನಗುಂದದ ಕಾಲೇಜಿನ ಗೆಳತಿಯರೆಲ್ಲ ಮದುವೆಯಾಗಿ ಒಬ್ಬೊಬ್ಬರು ಒಂದೊಂದು ಊರು ಸೇರಿದ್ದರು. ಇಡೀ ದಿನದಲ್ಲಿ ಅವಳು ನಕ್ಕು ಮಾತಾಡುತ್ತಿದ್ದುದು ಆ ಹತ್ತು ನಿಮಿಷ ಮಾತ್ರ.

ಅಮವಾಸ್ಯೆಯಂದು ಮುರ್ತುಜಸಾಬರ ಮಗ್ಗಗಳು ನಡೆಯುವುದಿಲ್ಲ. ಅದು ಅವರ ಅಜ್ಜನ ಕಾಲದ ರೂಢಿ. "ಮಗ್ಗಕ್ಕ ಯಾ ಜಾತಿ? ಅದಕ್ಕೂ ಒಂದಿನ ಬೇಕು" ಎನ್ನುತ್ತಾರೆ. ಅವರ ಕೆಲಸ ನಡೆಯುವ ಕಡೆಯೆಲ್ಲ ಅಂದು ಮೇನ್ ಸ್ವಿಚ್ಚು ಇಳಿಸಿರಬೇಕು. ಪ್ರಿಯದರ್ಶಿನಿ ಮುನ್ನಾದಿನ ಸಂಜೆಯೇ ಇಳಿಸಿ ಬಾಗಿಲು ಹಾಕುತ್ತಿದ್ದಳು.

ಮಣ್ಣೆತ್ತಿನ ಅಮವಾಸ್ಯೆಯ ಮರುದಿನ ಮಾಡಿದ ಕೆಲಸ ಸಂಜೆಗೆ ಮಾಯವಾಗಿತ್ತು. ಉಳಿಸುವುದನ್ನೇ ಮರೆತಿರಬೇಕೆಂದು ತನ್ನನ್ನೇ ಬೈದುಕೊಂಡಳು. ನಾಗರ ಅಮವಾಸ್ಯೆಯ ಮರುದಿನವೂ ಹಾಗೇ ಆಯಿತು.

"ತಂಗಿ, ಇದು ಅಮಾಸಿ ಮುಂಚಿನದ ಐತಲ್ಲ" ಎಂದಳು ಜೈನಬಿ. ಅಷ್ಟರಲ್ಲಿ ಮುರ್ತುಜಸಾಬರು ಫೋನು ತೆಗೆದುಕೊಂಡರು.

"ಮಗ್ಗಕ್ಕ ಒಂದ ದಿನ ಸೂಟಿ. ನಿನಗ ಎರಡು ದಿನ ಏನವಾ?"

"ಇಲ್ರಿ ಕಾಕಾ, ಮುಂಜಾನಿಂದ ಕುಂತು ಮಾಡೇನ್ರಿ."

"ಮಾಡಿದ್ದು ಎಲ್ಲಿ ಹೋತು? ಇಲಿ ತಿಂತೇನು?"

ಪಕ್ಕದಲ್ಲಿದ್ದ ಜೈನಬಿ ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಅವಳ ಫೋನು ನಿಂತಿತು. ಆರು ಗಂಟೆಗೆ "ಬಂತು" ಎಂದು ಒಂದು ಮೆಸೇಜು ಮಾತ್ರ ಬರುತ್ತಿತ್ತು.

ತಾನು ಸುಳ್ಳುಗಾರ್ತಿಯಲ್ಲ ಎಂದು ಆ ಒಬ್ಬ ಹೆಂಗಸಿಗೆ ಗೊತ್ತಾದರೆ ಸಾಕಾಗಿತ್ತು ಪ್ರಿಯದರ್ಶಿನಿಗೆ. ಫೈಲಿನ ಹೆಸರು ಬದಲಿಸಿ ನೋಡಿದಳು. ಪ್ರೋಗ್ರಾಮು ತೆಗೆದು ಮತ್ತೆ ಹಾಕಿದಳು. ರಿಪೇರಿ ಅಂಗಡಿಯ ಅನಿಲಕುಮಾರ ಬಂದು, "ವೈರಸ್ ಇರಬೇಕ್ರಿ" ಎಂದು ಏನೇನೋ ಒರೆಸಿ ಹೋದ. ಒಂದು ನೋಟುಬುಕ್ಕಿನಲ್ಲಿ ದಿನಾ ಎಷ್ಟಕ್ಕೆ ಉಳಿಸಿದೆ, ಎಷ್ಟಕ್ಕೆ ನೆಟ್ ಕೊಟ್ಟೆ ಎಂದು ಬರೆಯತೊಡಗಿದಳು. ಇಪ್ಪತ್ತು ದಿನ ಬರೆದರೂ ಒಂದು ತಪ್ಪೂ ಸಿಗಲಿಲ್ಲ. ಕೊನೆಗೆ ಕೆಲಸ ಹೋದ ಎರಡು ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದಾಗ, ಎರಡೂ ಅಮವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕದ ಮನೆಯಲ್ಲೇ ಇದ್ದವು. ಎರಡೂ ಸಲ ಹಿಂದಿನ ದಿನವೆಲ್ಲ ಸ್ವಿಚ್ಚು ಇಳಿದಿತ್ತು.

ಬೆನಕನ ಅಮವಾಸ್ಯೆ ಕಳೆದ ಬೆಳಿಗ್ಗೆ ಸ್ವಿಚ್ಚು ಏರಿಸಿ, ಕಂಪ್ಯೂಟರು ಹಚ್ಚಿ, ನೆಟ್ ಕೊಡುವ ಮೊದಲೇ ಪರದೆಯ ಮೂಲೆಯ ತಾರೀಖು ನೋಡಿದಳು. ಅಲ್ಲಿ ೨೦೦೯ರ ಜನವರಿ ಒಂದು ಎಂದಿತ್ತು. ಅದರ ಫೋಟೋ ತೆಗೆದಳು. ಒಂದು ಸಾಲು ಚೌಕ ತುಂಬಿ ಉಳಿಸಿದಳು. ಫೈಲಿನ ಮೇಲೂ ಅದೇ ತಾರೀಖು ಬಿತ್ತು. ನೆಟ್ ಕೊಟ್ಟೊಡನೆ ಮೂಲೆಯ ತಾರೀಖು ಇವತ್ತಿಗೆ ಬಂದು ನಿಂತಿತು. ಮರುಗಳಿಗೆ ಫೈಲು ತೆರೆದರೆ ಈಗಷ್ಟೇ ತುಂಬಿದ ಸಾಲು ಇರಲಿಲ್ಲ. ಗುಡೂರಿನ ಹಳೆಯ ಫೈಲೇ ಹೊಸದೆಂದು ಬಂದು ಕೂತಿತ್ತು.

ತಾರೀಖು ನೆನಪಿಡುವ ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತುಹೋಗಿತ್ತು. ಉಳಿದ ದಿನ ಕರೆಂಟೇ ತಾರೀಖು ನಡೆಸಿಕೊಂಡು ಹೋಗುತ್ತಿತ್ತು. ಸ್ವಿಚ್ಚು ಇಳಿಸಿದರೆ ಮಾತ್ರ ಮರೆವು. ಇಷ್ಟು ದಿನ ನಿಷ್ಠೆಯಿಂದ ಇಳಿಸಿದವಳು ತಾನೇ.

ಫೋಟೋ ಕಳಿಸಿ, ಫೋನು ಹಚ್ಚಿ ಎಲ್ಲ ಹೇಳಿದಳು.

"ಹಂಗಾರ ಅವತ್ತು ನೀ ಮಾಡಿದ್ದಿ" ಎಂದಳು ಜೈನಬಿ.

"ಮಾಡಿದ್ದೆ ರಿ ಅಕ್ಕಾ."

"ಅವರು ಹಂಗಂದಾಗ ನಾ ಯಾಕ ಸುಮ್ನಿದ್ದೆ ಗೊತ್ತೇನು? ನನಗೂ ಹಂಗ ಅನಿಸಿತ್ತು."

"ಇರ್ಲಿ ಬಿಡ್ರಿ" ಎಂದಳು ಪ್ರಿಯದರ್ಶಿನಿ.

ಮಧ್ಯಾಹ್ನ ಅನಿಲಕುಮಾರ ಹೊಸ ಬ್ಯಾಟರಿ ಕೂಡಿಸಿಹೋದ. ಆರಕ್ಕೆ ನೆಟ್ ಕೊಟ್ಟು ಕಾಯುತ್ತ ಕೂತಳು. ಮೆಸೇಜು ಬರಲಿಲ್ಲ, ಫೋನೇ ಬಂತು.

"ಬಂತು ತಂಗಿ. ಇವತ್ತಿನದ ಐತಿ."

"ಹೂಂ ರಿ."

"ಅವರಿಗೂ ಹೇಳೇನಿ."

"ಹೂಂ ರಿ."

ಮೊದಲಿನ ನಗುಮಾತು ಇಬ್ಬರ ಬಾಯಿಗೂ ಬರಲಿಲ್ಲ. ಕೆಳಗೆ ಯಾರೋ ಗೋದಾಮಿನ ಶಟರು ಎಳೆದರು.

"ಇಡ್ತೇನ್ರಿ ಅಕ್ಕಾ" ಎಂದಳು ಪ್ರಿಯದರ್ಶಿನಿ.