ರೊಟ್ಟಿ, ಇಲಿ ಮತ್ತು ನಮ್ಮ ದೊಡ್ಡವ್ವ

ಮೊನ್ನೆ ಚಿಕ್ಕಪ್ಪನ ಮನೆಯಲ್ಲಿ ಜೋಳದ ರೊಟ್ಟಿ ಸುಡುವ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ಇಲಿ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ತೆಲಂಗಾಣ ಬೇಕೆಂದು ಬಂದ್ ಮೇಲೆ ಬಂದ್ ನಡೆಯುತ್ತಿದ್ದ ಕಾಲ. ಚಿಕ್ಕಪ್ಪನಿಗೆ ಹೆಣ್ಣು ನೋಡಲು ಮಕ್ತಲದಿಂದ ಗದ್ವಾಲಕ್ಕೆ ಹೋಗಿದ್ದೆವು. ಚಹಾ ಕುಡಿಯುವಷ್ಟರಲ್ಲಿ ಬಸ್ಸುಗಳು ನಿಂತವು, ಊಟಕ್ಕೆ ಅಲ್ಲೇ ಕೂರಬೇಕಾಯಿತು. ನಮ್ಮವರಲ್ಲಿ ಒಂದು ಪದ್ಧತಿ ಇದೆ. ನೆಂಟರು ಬಂದಾಗ ಹಿರಿಯ ಹೆಂಗಸೊಬ್ಬಳನ್ನು ಅಡುಗೆಮನೆ ಬಾಗಿಲಲ್ಲಿ ಕೂರಿಸುತ್ತಾರೆ. ಅವಳು ಸಾಕು ಎನ್ನುವತನಕ ರೊಟ್ಟಿ ಬಡಿಯುವವರು ಕೈ ನಿಲ್ಲಿಸುವಂತಿಲ್ಲ. ಮರ್ಯಾದೆ ಕೊಡೋಣವೆಂದು ಅವರು ನಮ್ಮ ದೊಡ್ಡವ್ವನನ್ನೇ ಕೂರಿಸಿದರು. ಸಾಕು ಎಂದರೆ ಆ ಮನೆಯ ಊಟವನ್ನು ಹಳಿದಂತಾದೀತೆಂದು ದೊಡ್ಡವ್ವ, ಯಾರು ತನ್ನ ಮುಖ ನೋಡಿದರೂ, "ಇನ್ನೊಂದು ಬಡೀರೆವ್ವ" ಎನ್ನುತ್ತಿದ್ದಳು. ರೊಟ್ಟಿ ಬುಟ್ಟಿ ತುಂಬಿ, ಮೊರ ತುಂಬಿ, ಚಾಪೆಗೆ ಬಂತು.

"ಹೈದರಾಬಾದಿನ್ಯಾಗ ಏನು ನೌಕರಿರಿ?" ಎಂದು ಹೆಣ್ಣಿನ ಅಪ್ಪ ಕೇಳಿದರು.

"ಇಲಿಗೆ ರಕ್ತದ ಕ್ಯಾನ್ಸರ್ ಹೆಂಗ ಬರ್ತೈತಿ ನೋಡ್ತೀವ್ರಿ. ವೈರಸ್ ಹಾಕಿ ನಾವ ಬರಸ್ತೀವಿ" ಎಂದ ನಮ್ಮ ಚಿಕ್ಕಪ್ಪ, ಪುಣ್ಯಾತ್ಮ.

ಅವರ ಕೈಯ ತುತ್ತು ಅಲ್ಲೇ ನಿಂತಿತು. "ರೋಗ ಬರಸೋ ಮನಿಷ್ಯಾಗ ಹೆಣ್ಣು ಹೆಂಗ ಕೊಡಾಕ ಬರ್ತೈತಿ?"

ಇಲಿಯ ಮಾತು ಕೇಳಿಯೇ ಹಿಂದಿನ ಸಂಬಂಧಗಳೂ ಮುರಿದಿದ್ದವು. ಇದೂ ಹೋಯಿತೆಂದು ನನಗೆ ಅಳು ಬರುವಂತಾಯಿತು.

ಆಗ ಒಲೆಯ ಮುಂದಿದ್ದ ಹುಡುಗಿಯೇ ಹಿಟ್ಟಿನ ಕೈಯಲ್ಲಿ ಎದ್ದು ಬಂದಳು. "ಅದು ಹೆಂಗ ಬರ್ತೈತ್ರಿ?"

ಚಿಕ್ಕಪ್ಪ ಬಾಗಿಲ ಕಡೆ ಕೈ ತೋರಿಸಿದ. "ನಮ್ಮ ವೈನಿ ಕುಂತಾರಲ್ರಿ, ಹಂಗ ವೈರಸ್ಸಿನ ಜೀನು ಇಲಿ ಜೀನುಗಳ ನಡುವ ಬಂದು ಕುಂದರ್ತೈತಿ. ಮಗ್ಗಲದಾಗ ಕಣ ಬೆಳಸೋ ಜೀನಿದ್ರ ಅದಕ್ಕ 'ಇನ್ನೊಂದು, ಇನ್ನೊಂದು' ಅಂತೈತಿ. ಸಾಕು ಅನ್ನವ್ರ ಇಲ್ಲ. ಬ್ಯಾಡಾದ ಕಣ ರಕ್ತದ ತುಂಬ ತುಂಬ್ತಾವ. ಇದು ತಿಳದ್ರ ನಿಲ್ಲಸೋದೂ ತಿಳೀತೈತ್ರಿ."

ಹುಡುಗಿ ಚಾಪೆಯ ಮೇಲಿನ ರೊಟ್ಟಿ ನೋಡಿದಳು, ಸೋತ ತನ್ನ ಕೈ ನೋಡಿಕೊಂಡಳು. "ಅಪ್ಪಾ, ಇದನ್ನ ನಿಲ್ಲಸವ್ರು ಬೇಕ ಬೇಕು" ಎಂದಳು. ಅಪ್ಪ ನಕ್ಕುಬಿಟ್ಟರು. ಮದುವೆ ಗಟ್ಟಿಯಾಯಿತು.

ದೊಡ್ಡವ್ವ ಮಾತ್ರ, ಅವರು ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು. "ನಾನೇನು ರೋಗದ ಹುಳಾನ?" ಅಂದಿನಿಂದ ಯಾರ ಅಡುಗೆಮನೆ ಬಾಗಿಲಲ್ಲೂ ಅವಳು ಕೂರಲಿಲ್ಲ. ಪಾಪ, ನಾವೆಲ್ಲ ಅವಳನ್ನು ನೋಡಿ ಅತಿಯಾಗಿಯೇ ನಕ್ಕಿದ್ದೆವು.

ಮೊನ್ನೆ ಅವಳು ಪಡಸಾಲೆಯ ಮೂಲೆಯಲ್ಲಿದ್ದಳು. ಅಂದಿನ ಹುಡುಗಿ, ಇಂದಿನ ನಮ್ಮ ಚಿಗವ್ವ, ಕೈ ಹಿಡಿದು ಕರೆತಂದು ಬಾಗಿಲಲ್ಲಿ ಮಣೆ ಹಾಕಿದಳು. "ಇಲ್ಲೇ ಕೂಡ್ರಿ ಅಕ್ಕಾ. ನೀವು ಅಂದ್ರನ ನನ್ನ ಕೈ ಆಡ್ತಾವ."

ದೊಡ್ಡವ್ವ ತುಸು ಬಿಗುಮಾನ ಮಾಡಿ ಕೂತಳು. ಉಂಡು ಮುಗಿಸಿದ್ದ ನನ್ನ ತಟ್ಟೆಯನ್ನೇ ನೋಡಿದಳು. ನಾನು ಸಾಕು ಎನ್ನಲು ತೆರೆದ ಬಾಯಿ ಮುಚ್ಚಿಕೊಂಡೆ.

"ಇನ್ನೊಂದು ಬಡಿಯವ್ವ" ಎಂದಳು.

ರೊಟ್ಟಿ ಬಂತು, ತಿಂದೆ. ಈ ಸಲ ಇಲಿ ನೆನಪಾಗಲಿಲ್ಲ.