ಅಂಟಿಕೊಂಡಿದ್ದ ಎರಡು ಹಾಳೆ

ನಮ್ಮ ನೋಂದಣಿ ಕಚೇರಿಯ ನಕಲು ವಿಭಾಗದ ಮುಖ್ಯ ಗುಮಾಸ್ತನಿಗೆ ನಾವಿಟ್ಟ ಹೆಸರು ‘ಯಥಾಪ್ರತಿ’. ಅಸಲಿನಲ್ಲಿ ಗಂಡನ ಹೆಸರಿನ ಜಾಗಕ್ಕೆ ಮಾವನ ಹೆಸರು ಬಿದ್ದಿದ್ದರೆ ನಕಲಿನಲ್ಲೂ ಹಾಗೆಯೇ ಬೀಳಬೇಕು. ಶಾಯಿ ಚೆಲ್ಲಿದ್ದರೆ ‘ಇಲ್ಲಿ ಶಾಯಿ ಚೆಲ್ಲಿದೆ’ ಎಂದು ಬರೆಯಬೇಕು. ನಿಯಮವೇ ಹಾಗಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ನಿಯಮವನ್ನು ಜನರ ಮುಖಕ್ಕೆ ಎಸೆಯುವಾಗ ಅವನ ಮುಖದಲ್ಲಿ ಒಂದು ಕಳೆ ಬರುತ್ತಿತ್ತಲ್ಲ, ಅದು ನನಗೆ ಆಗುತ್ತಿರಲಿಲ್ಲ. ಹೆತ್ತ ತಾಯಿ ಬಂದರೂ ಗುರುತಿನ ಚೀಟಿ ಕೇಳುವ ಆಸಾಮಿ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಅವನೆದುರು ಕೂತು ತಾಳೆ ನೋಡುವುದು ನನ್ನ ಕೆಲಸ. ಅವನು ಅಸಲನ್ನು ಓದಬೇಕು, ನಾನು ನಕಲಿನ ಮೇಲೆ ಬೆರಳಾಡಿಸಬೇಕು.

ಆಮೇಲೆ ಹೊಸ ಆದೇಶ ಬಂತು. ಹಳೆಯ ಮದುವೆ ರಿಜಿಸ್ಟರುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಬೇಕು. ಒಂದೊಂದು ಪುಸ್ತಕದ ಪುಟ ಎಣಿಸಿ, ತಾಳೆ ನೋಡಿ, ‘ಪೂರ್ಣವಾಗಿದೆ’ ಎಂದು ಡಿಜಿಟಲ್ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಕಾಯಿದೆಯ ಕಣ್ಣಿಗೆ ಕಂಪ್ಯೂಟರಿನಲ್ಲಿರುವುದೇ ಅಸಲು, ಪುಸ್ತಕ ರದ್ದಿಗೆ. ಗಡುವಿನ ಕೊನೆಯ ದಿನ ಇನ್ನೂ ನಲವತ್ತು ಪುಸ್ತಕ ಉಳಿದಿದ್ದವು. ಯಥಾಪ್ರತಿ ಮೂರನ್ನು ಎಣಿಸಿದ, ಉಳಿದವಕ್ಕೆ ಕಣ್ಣುಮುಚ್ಚಿ ಸಹಿ ಒತ್ತಿದ. ಅವನ ಸಹಿಯ ಕೆಳಗೆ ನಾನೂ ಒತ್ತಿದೆ. ಸುಳ್ಳೇಕೆ ಹೇಳಲಿ, ನನಗೂ ಮನೆಗೆ ಹೋಗುವ ಆತುರವಿತ್ತು.

ಮೂರು ವರ್ಷದ ಮೇಲೆ ಅವನ ಒಡಹುಟ್ಟಿದ ತಂಗಿ ನಮ್ಮ ಕಿಟಕಿಗೆ ಬಂದಳು. ಗಂಡ ತೀರಿಹೋಗಿ ತಿಂಗಳೂ ಆಗಿರಲಿಲ್ಲ. ಮಕ್ಕಳಿಲ್ಲ. “ನೀನು ನಮ್ಮಣ್ಣ ಇಟ್ಟುಕೊಂಡವಳು, ಮನೆ ಬಿಡು” ಎಂದು ಮೈದುನ ಕೋರ್ಟಿಗೆ ಹೋಗಿದ್ದ. ಮದುವೆಯ ದೃಢೀಕೃತ ನಕಲು ಸಿಕ್ಕರೆ ಅವನ ಬಾಯಿ ಮುಚ್ಚಿಸಬಹುದಿತ್ತು, ಮನೆ ಉಳಿಯುತ್ತಿತ್ತು.

ಹುಡುಕಿದೆವು. ಪರದೆಯ ಮೇಲೆ ಇನ್ನೂರ ಹನ್ನೊಂದನೆಯ ಪುಟ ಆದಮೇಲೆ ಇನ್ನೂರ ಹದಿನಾಲ್ಕು ಬಂತು. ಸ್ಕ್ಯಾನ್ ಮಾಡುವಾಗ ಎರಡು ಹಾಳೆ ಅಂಟಿಕೊಂಡಿದ್ದವು. ಹಿಂದೊಮ್ಮೆ ಹರಿದಿದ್ದ ಅಂಚಿಗೆ ಗೋಂದು ಬಳಿದದ್ದು ಯಥಾಪ್ರತಿಯೇ. ಅವಳ ಮದುವೆಯ ಪುಟದೊಂದಿಗೆ ಪುಸ್ತಕ ಆಗಲೇ ರದ್ದಿಗೆ ಹೋಗಿತ್ತು.

“ಅಣ್ಣಾ, ಆ ಪುಸ್ತಕದಲ್ಲಿ ಸಾಕ್ಷಿ ಅಂತ ಸಹಿ ಹಾಕಿದ್ದು ನೀನೇ ಅಲ್ವಾ?”

“ಹಾಕಿರಬಹುದು. ಈಗ ದಾಖಲೆ ಇಲ್ವಲ್ಲ.”

ಇನ್ನೊಬ್ಬ ಸಾಕ್ಷಿ ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ದಾರಿ ಇತ್ತು. ತಾಳೆ ನೋಡದೆ ಸಹಿ ಹಾಕಿದೆನೆಂದು ದೃಢೀಕರಿಸಿದವನೇ ಅಫಿಡವಿಟ್ ಕೊಟ್ಟರೆ, ಕಳೆದ ಪುಟವನ್ನು ಮತ್ತೆ ಬರೆಸಬಹುದೆಂದು ನಿಯಮದಲ್ಲೇ ಇದೆ. ಅವಳು ಹೋದ ಮೇಲೆ ನಾನು ಹೇಳಿಯೂ ಹೇಳಿದೆ.

“ಬರೆದುಕೊಡಿ ಸಾರ್. ನಿಮ್ಮ ತಂಗಿ.”

“ಕೊಡ್ತೀನಿ. ಕೆಳಗೆ ನಿನ್ನ ಸಹಿನೂ ಇದೆ, ಗೊತ್ತಲ್ಲ? ನನಗೆ ರಿಟೈರ್ ಆಗೋಕೆ ಏಳು ತಿಂಗಳು. ನಿನಗೆ?”

ನನಗೆ ಹದಿನಾಲ್ಕು ವರ್ಷವಿತ್ತು. ಮುಂದಿನ ಅರ್ಜಿಯನ್ನು ಕೈಗೆತ್ತಿಕೊಂಡೆ.

‘ಇಂಥ ಮದುವೆಯ ದಾಖಲೆ ಇಲ್ಲ’ ಎಂಬ ಪತ್ರಕ್ಕೆ ಯಥಾಪ್ರತಿ ಸಹಿ ಹಾಕಿದ. ಮೈದುನ ಅದರದೇ ದೃಢೀಕೃತ ನಕಲನ್ನು ನಮ್ಮಿಂದ ಪಡೆದು ಕೋರ್ಟಿಗೆ ಕೊಟ್ಟ. ಮನೆ ಹೋಯಿತು.

“ತಂಗೀನ ಬೀದಿಗೆ ಬಿಡೋಕಾಗುತ್ತಾ?” ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ಯಥಾಪ್ರತಿ ಅವಳನ್ನು ತನ್ನ ಮನೆಗೆ ಕರೆತಂದ. ರೇಷನ್ ಕಾರ್ಡಿನ ಮನೆಯವರ ಪಟ್ಟಿಗೆ ಅವಳ ಹೆಸರು ಸೇರಿಸುವ ಅರ್ಜಿಯನ್ನು, ಅವಳನ್ನು ಎದುರಿಗೆ ಕೂರಿಸಿಕೊಂಡು, ನಮ್ಮ ಮೇಜಿನಿಂದಲೇ ಆನ್‌ಲೈನಿನಲ್ಲಿ ಹಾಕಿದ. ಹೆಸರು, ವಯಸ್ಸು ಐವತ್ತೆಂಟು. ಮುಂದಿನ ಕಾಲಮಿನಲ್ಲಿ ‘ಅವಿವಾಹಿತೆ’ ಎಂದು ಒತ್ತಿದ.

“ವಿಧವೆ ಅಂತ ಹಾಕಣ್ಣಾ.”

“ಅದಕ್ಕೆ ಮದುವೆ ದಾಖಲೆ ಕೇಳುತ್ತೆ.”

“ಹಾಗಾದ್ರೆ ಮೂವತ್ತೊಂದು ವರ್ಷ ನಾನು ಯಾರ ಮನೇಲಿದ್ದೆ?” ಎಂದು ಅವಳು ನನ್ನನ್ನು ನೋಡಿದಳು. “ನೀವಾದ್ರೂ ಹೇಳಿ.”

ನನಗೆ ನಾಚಿಕೆಯಾಯಿತು. ಆದರೂ ಬೆರಳಚ್ಚಿನ ಯಂತ್ರವನ್ನು ಅವಳ ಮುಂದಕ್ಕೆ ಸರಿಸಿದೆ.

ಅವಳು ಅದರ ಮೇಲೆ ಬೆರಳಿಟ್ಟಳು. ಬೆರಳಿನ ಗೆರೆಗಳು ಸವೆದಿದ್ದರಿಂದ ಯಂತ್ರ ಒಪ್ಪಲಿಲ್ಲ. ಅಣ್ಣ ಎದ್ದು ಬಂದು, ಅವಳ ಬೆರಳನ್ನು ಕರ್ಚೀಫಿನಿಂದ ಒರೆಸಿ, ಅಲುಗಾಡದಂತೆ ಯಂತ್ರಕ್ಕೆ ಒತ್ತಿ ಹಿಡಿದ.